ರಕ್ತಗತ ಎಂದರೆ ಎಷ್ಟು?

ನಮ್ಮ ಕನ್ನಡದಲ್ಲಿ 'ರಕ್ತಗತ' ಎಂಬ ಒಂದು ಮಾತಿದೆ. ಸಂಗೀತ ಅವರಿಗೆ ರಕ್ತಗತ, ವ್ಯಾಪಾರ ಇವರಿಗೆ ರಕ್ತಗತ ಅಂತ ಹೊಗಳುತ್ತೇವೆ. ಅದೇ ಮಾತನ್ನು ಒಂದು ಕಾಯಿಲೆಗೆ ಅಂಟಿಸಿದರೆ ಅದು ಹೊಗಳಿಕೆಯಾಗಿ ಉಳಿಯುವುದಿಲ್ಲ, ಇಡೀ ಮನೆತನದ ಮೇಲೆ ಹೊರಿಸಿದ ಆರೋಪವಾಗುತ್ತದೆ. ಮೆದುಳಿನ ಗಡ್ಡೆಯ ವಿಷಯದಲ್ಲಿ ಈ ಆರೋಪ ಎಷ್ಟು ನಿಜ, ರಕ್ತ ಪರೀಕ್ಷೆ ಮಾಡಿ ಅದನ್ನು ಮೊದಲೇ ಹೇಳಬಹುದೇ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವನು. 'ಸಾಯನ್ಸಿನವರ ಹೊಲಕ್ಕೆ ಇವನೇಕೆ ನುಗ್ಗಿದ?' ಅಂತ ಮಿತ್ರರು ಕೇಳಬಹುದು. ಕಾರಣ ಎರಡು. ಮೊದಲನೆಯದು, ಈ ವಿಷಯ ಕೊನೆಗೆ ಬಂದು ನಿಲ್ಲುವುದು ಶೇಕಡಾ ಲೆಕ್ಕದಲ್ಲಿ. ಅದು ನಮ್ಮ ಹೊಲವೇ. ಎರಡನೆಯದು ಮನೆಯದು. ನನ್ನ ಚಿಕ್ಕಪ್ಪನ ಮಗನಿಗೆ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಮೆದುಳಿನಲ್ಲಿ ಗಡ್ಡೆ ಕಾಣಿಸಿತು. ಗ್ಲಯೋಮ ಎಂಬ ಜಾತಿಯದ್ದು ಅಂದರು. ಆಪರೇಷನ್ ಆಗಿ ಈಗ ಓಡಾಡಿಕೊಂಡಿದ್ದಾನೆ. ಆದರೆ ಅವನ ತಂಗಿಗೆ ಕುದುರಿದ್ದ ಸಂಬಂಧದವರು, "ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟು ತನ್ನಿ, ಆಮೇಲೆ ಮುಂದಿನ ಮಾತು" ಅಂದುಬಿಟ್ಟರು.

ಮೊದಲಿಗೆ, ರಕ್ತವನ್ನೇ ಯಾಕೆ ನೋಡುತ್ತಾರೆ? ಕಾಯಿಲೆ ರಕ್ತದಲ್ಲಿದೆ ಅಂತ ಅಲ್ಲ. ನಮ್ಮ ಮೈಯ ಬಹುತೇಕ ಎಲ್ಲ ಜೀವಕೋಶಗಳೊಳಗೂ ತಂದೆ ತಾಯಿಗಳಿಂದ ಬಂದ ಡಿ.ಎನ್.ಎ. ಎಂಬ ಬರಹ ಇದೆ. ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ. ಬರಹದ ಉದ್ದ ಮಾತ್ರ ಸುಮಾರು 300 ಕೋಟಿ ಅಕ್ಷರ. ಇದನ್ನು ಓದಲು ಮೆದುಳಿಗೆ ಕೈ ಹಾಕಬೇಕಾಗಿಲ್ಲ. ತೋಳಿನಿಂದ ಒಂದು ಚಮಚ ರಕ್ತ ತೆಗೆದರೆ ಅದರ ಬಿಳಿ ಕಣಗಳಲ್ಲಿ ಅದೇ ಬರಹ ಸಿಗುತ್ತದೆ. ಎಂಜಲಿನಿಂದಲೂ ಓದಬಹುದು. ಅಂದರೆ ಇಲ್ಲಿ ರಕ್ತ ಆರೋಪಿಯಲ್ಲ, ಕಾಗದ ತಂದುಕೊಡುವ ಅಂಚೆಯವನು ಅಷ್ಟೆ.

ಈ ಬರಹದ ತಪ್ಪುಗಳಲ್ಲಿ ಎರಡು ಬಗೆ. ನಮ್ಮ ಈ ಪತ್ರಿಕೆಯನ್ನೇ ನೋಡಿ. ಸ್ಟೆನ್ಸಿಲ್ ಕೊರೆಯುವಾಗಲೇ ಕಾಗುಣಿತ ತಪ್ಪಿದರೆ ಅದು ಎಲ್ಲ ಪ್ರತಿಗಳಲ್ಲೂ ಬರುತ್ತದೆ. ಒಂದು ಹಾಳೆಯ ಮೇಲೆ ಮಸಿ ಚೆಲ್ಲಿದರೆ ಕೆಡುವುದು ಆ ಹಾಳೆ ಮಾತ್ರ. ಹುಟ್ಟಿನಿಂದ ಬಂದ ತಪ್ಪು ಸ್ಟೆನ್ಸಿಲಿನದು. ರಕ್ತದಲ್ಲಿ ಕಾಣುತ್ತದೆ, ಮಕ್ಕಳಿಗೂ ದಾಟಬಹುದು. ಗಡ್ಡೆಯೊಳಗಿನ ಹೆಚ್ಚಿನ ತಪ್ಪುಗಳು ಮಸಿಯ ಕಲೆಗಳು; ಬದುಕಿನ ಮಧ್ಯದಲ್ಲಿ ಯಾವುದೋ ಒಂದು ಜೀವಕೋಶದಲ್ಲಿ ಆದವು. 2008ರಲ್ಲಿ ಅಮೆರಿಕದ ಸಂಶೋಧಕರು ಮೆದುಳಿನ ಗಡ್ಡೆಗಳಲ್ಲಿ ಐ.ಡಿ.ಎಚ್.1 ಎಂಬ ವಂಶವಾಹಿಯಲ್ಲಿ ಒಂದು ತಪ್ಪನ್ನು ಕಂಡುಹಿಡಿದರು. ಇಂದು ಗ್ಲಯೋಮಗಳನ್ನು ವಿಂಗಡಿಸುವುದಕ್ಕೆ ಅದೇ ಮುಖ್ಯ ಗುರುತು. ಅದು ಮಸಿಯ ಕಲೆ. ಅಣ್ಣನ ಗಡ್ಡೆಯಲ್ಲಿ ಅದು ಇತ್ತು ಎಂದ ಮಾತ್ರಕ್ಕೆ ತಂಗಿಯ ರಕ್ತದಲ್ಲಿ ಹುಡುಕುವುದು ವ್ಯರ್ಥ.

ಹಾಗಾದರೆ ಸ್ಟೆನ್ಸಿಲಿನ ತಪ್ಪುಗಳು ಇಲ್ಲವೇ? ಇವೆ. ಅವುಗಳಲ್ಲಿ ಕೆಲವು ವಿರಳ, ಆದರೆ ಬಲವಾದವು. 1969ರಲ್ಲಿ ಅಮೆರಿಕದ ಫ್ರೆಡರಿಕ್ ಲೀ ಮತ್ತು ಜೋಸೆಫ್ ಫ್ರೌಮೆನಿ ಎಂಬ ವೈದ್ಯರು, ಚಿಕ್ಕ ವಯಸ್ಸಿನಲ್ಲೇ ಒಬ್ಬರಾದ ಮೇಲೆ ಒಬ್ಬರಿಗೆ ನಾನಾ ಕ್ಯಾನ್ಸರ್ ಬರುವ ಕುಟುಂಬಗಳನ್ನು ಗುರುತಿಸಿದರು. ಮೆದುಳಿನ ಗಡ್ಡೆಯೂ ಅವುಗಳಲ್ಲಿ ಒಂದು. ಅದರ ಮೂಲ ಟಿ.ಪಿ.53 ಎಂಬ ವಂಶವಾಹಿಯಲ್ಲಿದೆ ಎಂದು 1990ರಲ್ಲಿ ತಿಳಿಯಿತು. ಇಂಥ ಕುಟುಂಬಗಳಿಗೆ ರಕ್ತ ಪರೀಕ್ಷೆಯಿಂದ ನಿಜವಾದ ಉಪಯೋಗ ಇದೆ. ತಪ್ಪು ಇರುವವರನ್ನು ಎಂ.ಆರ್.ಐ. ಮುಂತಾದವುಗಳಿಂದ ಕಾಲಕಾಲಕ್ಕೆ ನೋಡುತ್ತ ಗಡ್ಡೆಯನ್ನು ಬೇಗ ಹಿಡಿಯಬಹುದು. ಇನ್ನೊಂದು ನ್ಯೂರೋಫೈಬ್ರೊಮಟೋಸಿಸ್. ಅದರ ಒಂದನೆಯ ಬಗೆ ಸುಮಾರು 3,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಮೈಮೇಲಿನ ಹಾಲು ಕಾಫಿ ಬಣ್ಣದ ಮಚ್ಚೆಗಳೇ ಅದನ್ನು ಹೇಳಿಬಿಡುತ್ತವೆ. ವಿಶೇಷ ಅಂದರೆ ಅದು ಇರುವವರಲ್ಲಿ ಸುಮಾರು ಅರ್ಧ ಜನರ ತಂದೆ ತಾಯಿಗಳಿಗೆ ಅದು ಇರುವುದೇ ಇಲ್ಲ. ಹೊಸದಾಗಿ ಆದ ತಪ್ಪು! 'ವಂಶವಾಹಿಯದು' ಅಂದ ಕೂಡಲೇ 'ವಂಶದಿಂದ ಬಂದದ್ದು' ಅಂತ ತೀರ್ಮಾನಿಸುವಂತಿಲ್ಲ.

ನಮ್ಮ ಮನೆಯ ವಿಷಯದಲ್ಲಿ ಡಾಕ್ಟರು ಕೇಳಿದ್ದೂ ಇದನ್ನೇ. ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಆದವರು ಇನ್ನು ಯಾರಾದರೂ ಇದ್ದಾರೆಯೇ? ಮೈಮೇಲೆ ಮಚ್ಚೆಗಳಿವೆಯೇ? ಎರಡೂ ಇಲ್ಲ ಎಂದಾಗ, ತಂಗಿಗೆ ಯಾವ ಪರೀಕ್ಷೆಯೂ ಬೇಡ ಅಂದರು. ಗ್ಲಯೋಮ ಬಂದವರಲ್ಲಿ ಹೆಚ್ಚಿನವರ ಸ್ಥಿತಿ ಹೀಗೇ.

ಇನ್ನು ದುರ್ಬಲ ತಪ್ಪುಗಳು. ಇವು ತಪ್ಪು ಅನ್ನುವುದಕ್ಕಿಂತ ಪಾಠಾಂತರ ಅನ್ನಬೇಕು. ಹಳಗನ್ನಡ ಕಾವ್ಯದ ಎರಡು ಓಲೆಗರಿಗಳಲ್ಲಿ ಒಂದು ಅಕ್ಷರ ಬೇರೆ ಇದ್ದ ಹಾಗೆ. ಗ್ಲಯೋಮ ಬಂದ ಸಾವಿರಾರು ಜನರ, ಬಾರದ ಸಾವಿರಾರು ಜನರ ರಕ್ತದಲ್ಲಿ ಲಕ್ಷಾಂತರ ಸ್ಥಳಗಳನ್ನು ಹೋಲಿಸಿ, ಯಾವ ಪಾಠಾಂತರ ರೋಗಿಗಳಲ್ಲಿ ಹೆಚ್ಚು ಎಂದು ನೋಡುತ್ತಾರೆ. 2009ರಲ್ಲಿ ಹೀಗೆ ಮೊದಲ ಐದು ಸ್ಥಳಗಳು ಸಿಕ್ಕವು. 2017ರಲ್ಲಿ 12,496 ರೋಗಿಗಳನ್ನು 18,190 ಇತರರೊಡನೆ ಹೋಲಿಸಿದ ಮೇಲೆ ಒಟ್ಟು 25ಕ್ಕೂ ಹೆಚ್ಚು ಸ್ಥಳಗಳಾದವು. ಹೆಚ್ಚಿನವು ಒಂದೊಂದೂ ಅಪಾಯವನ್ನು ಒಂದೂಕಾಲು ಪಟ್ಟಿನ ಆಸುಪಾಸಿಗೆ ಏರಿಸುತ್ತವೆ, ಅಷ್ಟೆ. ಎಂಟನೆಯ ವರ್ಣತಂತುವಿನ ಒಂದು ಅಕ್ಷರ ಮಾತ್ರ ಭಾರಿ. ಐ.ಡಿ.ಎಚ್. ತಪ್ಪಿರುವ ಗ್ಲಯೋಮದ ಅಪಾಯವನ್ನು ಅದು ಸುಮಾರು ಆರು ಪಟ್ಟು ಮಾಡುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಅದು ಪ್ರೋಟೀನ್ ತಯಾರಿಸುವ ಯಾವ ವಂಶವಾಹಿಯ ಒಳಗೂ ಇಲ್ಲ; ದೂರದಲ್ಲಿ ಕೂತು, ಫ್ಯಾನಿನ ರೆಗ್ಯುಲೇಟರಿನ ಹಾಗೆ, ಮಿಕ್ ಎಂಬ ವಂಶವಾಹಿಯ ವೇಗ ಹೆಚ್ಚಿಸುತ್ತದೆ ಎಂದು 2022ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ತೋರಿಸಿತು.

'ಆರು ಪಟ್ಟು' ಅಂದಾಗ ಎದೆ ಝಲ್ಲೆನ್ನುತ್ತದೆ. ಆದರೆ ಕಾಮರ್ಸಿನವರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಯಾವುದರ ಆರು ಪಟ್ಟು? ಎರಡು ರೂಪಾಯಿ ಲಾಭ ಇದ್ದ ಅಂಗಡಿಗೆ ನಾಲ್ಕು ರೂಪಾಯಿ ಬಂದರೆ ಲಾಭ ನೂರಕ್ಕೆ ನೂರು ಏರಿತು, ಅಂಗಡಿಯವನು ಶ್ರೀಮಂತನಾದನೇ? ಅಮೆರಿಕದ ಲೆಕ್ಕದಂತೆ ಗ್ಲಯೋಮ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 6 ಜನರಿಗೆ ಬರುತ್ತದೆ. ರೋಗಿಯ ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಸುಮಾರು ಎರಡು ಪಟ್ಟು ಅನ್ನುತ್ತಾರೆ. ಅಂದರೆ 12. ಉಳಿದ 99,988 ಜನರಿಗೆ ಆ ವರ್ಷ ಏನೂ ಆಗುವುದಿಲ್ಲ. ಜೀವಮಾನದ ಲೆಕ್ಕ ಹಿಡಿದರೂ ಸಾಮಾನ್ಯರಲ್ಲಿ ಇದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಎರಡು ಪಟ್ಟಾದರೂ ನೂರಕ್ಕೆ ಇಬ್ಬರನ್ನು ಮುಟ್ಟುವುದಿಲ್ಲ. ಸಂಬಂಧ ಬಿಟ್ಟವರು ಹೆದರಿದ್ದು ಈ ಅಂಕಿಗೆ!

ಪರೀಕ್ಷೆ ಮಾಡಿಸಿದರೂ ಅದರಿಂದ ಮಾಡುವುದೇನು? ಗಡ್ಡೆ ಬಾರದಂತೆ ತಡೆಯುವ ಮಾತ್ರೆ ಇಲ್ಲ. ಸುಮ್ಮನೆ ಎಲ್ಲರಿಗೂ ಎಂ.ಆರ್.ಐ. ಮಾಡಿಸಿದರೆ ಖರ್ಚು ಒಂದು ಕಡೆ, ಕಂಡ ಸಣ್ಣಪುಟ್ಟ ಕಲೆಗಳಿಗೆಲ್ಲ ನಿದ್ದೆಗೆಡುವುದು ಇನ್ನೊಂದು ಕಡೆ. ಅಲ್ಲದೆ ಈ ಸಂಶೋಧನೆಗಳಲ್ಲಿ ರಕ್ತ ಕೊಟ್ಟವರು ಬಹುತೇಕ ಯುರೋಪ್ ಮೂಲದವರು. ಅವರ ಪಾಠಾಂತರದ ಪಟ್ಟಿಯನ್ನು ಹಾಗೇ ತಂದು ನಮ್ಮವರಿಗೆ ಅಂಕ ಕೊಡುವುದು, ಬೇರೆ ಊರಿನ ಧಾರಣೆಯಲ್ಲಿ ನಮ್ಮ ಮಂಡಿಯ ಲೆಕ್ಕ ಬರೆದ ಹಾಗೆ. ಈ ಕೊರತೆ ತುಂಬುವತ್ತ ಒಂದು ಹೆಜ್ಜೆಯಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ 'ಜೀನೋಮ್ ಇಂಡಿಯಾ' ಯೋಜನೆ ನಡೆಯಿತು. 10,000 ಭಾರತೀಯರ ಡಿ.ಎನ್.ಎ. ಓದಿ ಮುಗಿಯಿತು ಎಂದು 2024ರಲ್ಲಿ ಪ್ರಕಟವಾಯಿತು. ಅದು ಮೆದುಳಿನ ಗಡ್ಡೆಗೆಂದೇ ಮಾಡಿದ್ದಲ್ಲ. ಆದರೆ ನಮ್ಮವರನ್ನು ನಮ್ಮವರೊಡನೆ ಹೋಲಿಸುವ ಬುನಾದಿ ಅದರಿಂದ ಸಿಗುತ್ತದೆ.

ಕೊನೆಗೆ ವಿಮೆಯ ಮಾತು. ಇಂಥ ರಿಪೋರ್ಟು ಒಮ್ಮೆ ಕೈಗೆ ಬಂದರೆ ಅದು ಯಾರ ಕೈಗೆಲ್ಲ ಹೋಗುತ್ತದೆ? ಅಮೆರಿಕದಲ್ಲಿ 2008ರಲ್ಲಿ ಬಂದ ಕಾಯಿದೆ ಆರೋಗ್ಯ ವಿಮೆ ಮತ್ತು ನೌಕರಿಯಲ್ಲಿ ವಂಶವಾಹಿ ನೋಡಿ ಭೇದ ಮಾಡಬಾರದು ಎನ್ನುತ್ತದೆ. ಜೀವ ವಿಮೆಗೆ ಅದು ತಾಗುವುದಿಲ್ಲ. ನಮ್ಮಲ್ಲಿ 2018ರಲ್ಲಿ ದಿಲ್ಲಿ ಹೈಕೋರ್ಟಿನ ಒಂದು ತೀರ್ಪಿನ ನಂತರ, ಆರೋಗ್ಯ ವಿಮೆಯಲ್ಲಿ 'ಆನುವಂಶಿಕ ಕಾಯಿಲೆ' ಅಂತ ಹೇಳಿ ಹೊರಗಿಡಬಾರದೆಂದು ವಿಮಾ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಆದರೆ ಮದುವೆಯ ಮಾತುಕತೆಗೆ ಯಾವ ಪ್ರಾಧಿಕಾರವೂ ಸುತ್ತೋಲೆ ಹೊರಡಿಸುವುದಿಲ್ಲ. ಅಲ್ಲಿ ಬಾಯಿ ಬಿಡಬೇಕಾದವರು ನಾವೇ.

ಆದ್ದರಿಂದ ಮಿತ್ರರೇ, ಇನ್ನು ಮುಂದೆ ಯಾರಾದರೂ 'ಅವರ ಮನೆಯಲ್ಲಿ ಅದು ರಕ್ತಗತವಂತೆ' ಅಂದರೆ ಮೂರು ಪ್ರಶ್ನೆ ಕೇಳಿ. ತಪ್ಪು ಸ್ಟೆನ್ಸಿಲಿನದೋ, ಮಸಿಯದೋ? ಎಷ್ಟು ಪಟ್ಟು ಅಂದಾಗ, ಯಾವುದರ ಎಷ್ಟು ಪಟ್ಟು? ಗೊತ್ತಾದ ಮೇಲೆ ಮಾಡುವುದಕ್ಕೆ ಏನಾದರೂ ಇದೆಯೋ? ಮೂರಕ್ಕೂ ಉತ್ತರ ಇಲ್ಲದವರು ಇನ್ನೊಬ್ಬರ ಮನೆಯ ಹುಡುಗಿಯ ತೋಳಿಗೆ ಸೂಜಿ ಚುಚ್ಚಿಸಿ ಅಂತ ಹೇಳುವ ಹಕ್ಕನ್ನು ಪಡೆದಿಲ್ಲ.