ಎದೆಗೆ ಸೂಜಿ ಹಾಕಿಸಿದ ದಿನ ವಾಪಸ್ ಬಸ್ಸು ಹಿಡಿಯಬೇಡಿ

ಬ್ಯಾಡಗಿ ಮಾರುಕಟ್ಟೆಯ ಹಂಗಾಮಿನಲ್ಲಿ ಕೆಮ್ಮದವರೇ ಇಲ್ಲ. ಚೀಲ ಹೊರುವವರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ದಲಾಲರು, ಎಲ್ಲರದೂ ಒಂದೇ ಮಾತು: ‘ಮೆಣಸಿನಕಾಯಿ ಘಾಟು, ಹೋಗ್ತದ ಬಿಡ್ರಿ.’ ಹಾಗನ್ನುತ್ತಲೇ ತಿಂಗಳುಗಳು ಉರುಳುತ್ತವೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ, ಎಕ್ಸ್‌ರೇ ಆಗಲೇಬೇಕು. ಅದರಲ್ಲಿ ಗಂಟು ಕಂಡು, ಸಿ.ಟಿ. ಸ್ಕ್ಯಾನ್ ಮುಗಿದು, ವೈದ್ಯರು ಬಯಾಪ್ಸಿ (ಎದೆಗೆ ಸೂಜಿ ಹಾಕಿ ಗಂಟಿನ ತುಣುಕು ತೆಗೆಯುವ ಪರೀಕ್ಷೆ) ಎಂದರೆ ಹಾವೇರಿಯವರು ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್) ಆಸ್ಪತ್ರೆಯ ಕಡೆಗೆ, ರಾಣೆಬೆನ್ನೂರಿನವರು ಬಹುಮಟ್ಟಿಗೆ ದಾವಣಗೆರೆಗೆ ಹೊರಡುತ್ತಾರೆ.

ಸೂಜಿ ಚುಚ್ಚಿದರೆ ಗಡ್ಡೆ ಕೆರಳುತ್ತದೆ ಎಂಬ ಭಯ ಮನೆಮನೆಯಲ್ಲಿದೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ಅತ್ಯಪರೂಪ. ರೋಗ ಯಾವುದೆಂದು ತಿಳಿಯದೆ ಕಳೆಯುವ ತಿಂಗಳುಗಳೇ ಜೀವಕ್ಕೆ ಎರವಾಗುವುದು. ಎಕ್ಸ್‌ರೇಯಲ್ಲಿ ಕ್ಷಯವೂ ಕ್ಯಾನ್ಸರೂ ಒಂದೇ ಥರ ಕಾಣಬಹುದು. ನೆರಳು ನೋಡಿಯೇ ಟಿ.ಬಿ. ಗುಳಿಗೆ ನುಂಗಿ, ತಡವಾಗಿ ಕ್ಯಾನ್ಸರ್ ಎಂದು ಗೊತ್ತಾದವರು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಕ್ಷಯದ ಅನುಮಾನವೂ ಇದ್ದರೆ ಒಂದು ತುಣುಕನ್ನು ಫಾರ್ಮಾಲಿನ್‌ಗೆ ಹಾಕದೆ ಸಲೈನಿನಲ್ಲಿ ಕಳಿಸುತ್ತೀರಾ ಎಂದು ಕೇಳಿ. ಫಾರ್ಮಾಲಿನ್ ತಾಗಿದರೆ ಕ್ಷಯದ ಕಲ್ಚರ್ ಬೆಳೆಯುವುದಿಲ್ಲ.

ಸೂಜಿ ಹಾಕುವ ಮೊದಲು ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಅದನ್ನು ಹೇಳಲೇಬೇಕು, ತಾವಾಗಿಯೇ ನಿಲ್ಲಿಸಬಾರದು. ಸಿ.ಟಿ. ಮೇಜಿನ ಮೇಲೆ ಮಲಗಿಸಿ ಚರ್ಮಕ್ಕೆ ಮರಗಟ್ಟುವ ಮದ್ದು ಕೊಡುತ್ತಾರೆ. ಕೆಲ ಕ್ಷಣ ಚುರುಗುಟ್ಟುತ್ತದೆ, ಆಮೇಲೆ ಒತ್ತಿದಂತೆ ಅನ್ನಿಸುತ್ತದೆ ಅಷ್ಟೆ. ‘ಉಸಿರು ಹಿಡೀರಿ’ ಎಂದಾಗಲೆಲ್ಲ ಒಂದೇ ಅಳತೆಗೆ ಹಿಡಿಯಬೇಕು. ಉಸಿರಿನ ಜೊತೆ ಗಂಟೂ ಮೇಲೆ ಕೆಳಗೆ ಸರಿಯುತ್ತದೆ, ಗುರಿ ತಪ್ಪುತ್ತದೆ. ಹಿಂದಿನ ದಿನವೇ ಮನೆಯಲ್ಲಿ ಮಲಗಿ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ತುಣುಕು ತೆಗೆಯುವಾಗ ‘ಟಕ್’ ಎಂಬ ಸದ್ದು ಬರುತ್ತದೆ, ಬೆಚ್ಚಿ ಅಲುಗಾಡಬೇಡಿ. ವರದಿಗೆ ಸುಮಾರು ಒಂದು ವಾರ. ಕ್ಯಾನ್ಸರ್ ಎಂದಾದರೆ ಅದೇ ತುಣುಕಿನಲ್ಲಿ ಇ.ಜಿ.ಎಫ್.ಆರ್. ಮುಂತಾದ ಜೀನ್ ಪರೀಕ್ಷೆಗಳೂ ಆಗಬೇಕಾಗಬಹುದು, ಅದಕ್ಕೆ ಇನ್ನಷ್ಟು ದಿನ.

ಸೂಜಿ ಹಾಕಿಸಿದ ಮೇಲೆ ಕಫದಲ್ಲಿ ತುಸು ರಕ್ತ ಬರಬಹುದು. ಹೆಚ್ಚು ಕಾಡುವುದು ಗಾಳಿ ಸೋರಿಕೆ. ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಶ್ವಾಸಕೋಶದ ಸುತ್ತ ಗಾಳಿ ಸೇರುತ್ತದೆ. ಹೆಚ್ಚಿನವರಿಗೆ ತಾನೇ ಇಂಗುತ್ತದೆ, ಕೆಲವರಿಗೆ ಎದೆಗೆ ನಳಿಕೆ ಹಾಕಬೇಕಾಗುತ್ತದೆ. ಕೆಲ ಗಂಟೆಗಳ ನಂತರ ಮತ್ತೆ ಎಕ್ಸ್‌ರೇ ತೆಗೆಯುವುದು ಇದಕ್ಕೇ. ಸೋರಿಕೆ ತಡವಾಗಿಯೂ ಕಾಣಿಸಿಕೊಳ್ಳಬಹುದು. ಸಂಜೆ ಬಸ್ಸು ಹತ್ತಿ, ಕತ್ತಲಲ್ಲಿ ಮೋಟೆಬೆನ್ನೂರು ಕ್ರಾಸಿನಲ್ಲಿಳಿದು ಬ್ಯಾಡಗಿಗೆ ಗಾಡಿ ಕಾಯುವಾಗ ಉಸಿರು ಕಟ್ಟಿದರೆ ಯಾರನ್ನು ಕರೆಯುವುದು? ಆ ರಾತ್ರಿ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ, ಜೊತೆಗೊಬ್ಬರನ್ನು ಇಟ್ಟುಕೊಂಡು, ಆಸ್ಪತ್ರೆಗೆ ಹತ್ತಿರವೇ ತಂಗಿ. ಊರಿಗೆ ಬಂದ ಮೇಲೆ ಎದೆ ಹಿಡಿದರೆ, ಏದುಸಿರು ಬಂದರೆ, ಬಾಯಿ ತುಂಬ ರಕ್ತ ಬಂದರೆ 108ಕ್ಕೆ ಕರೆ ಮಾಡಿ. ಎದೆಗೆ ಸೂಜಿ ಹಾಕಿಸಿದ್ದನ್ನೇ ಮೊದಲು ಹೇಳಿ.