ಗೊತ್ತಿಲ್ಲದ ಆಟಕ್ಕೂ ಮಕ್ಕಳು ಕೈ ಎತ್ತಲಿ

ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯಿಂದ ವ್ಯಾಪಾರಕ್ಕೆಂದು ಬಂದು ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ನೆಲೆ ನಿಂತ ನಮ್ಮವರ ಮನೆಗಳಲ್ಲಿ ಮಕ್ಕಳ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಸ್ವಲ್ಪ ಹೊತ್ತು ಅಂಗಡಿ, ಉಳಿದದ್ದೆಲ್ಲ ಮೊಬೈಲ್. ಆಟ ಅಂದರೆ ಮನೆ ಮುಂದಿನ ರಸ್ತೆಯಲ್ಲಿ ಅಣ್ಣತಮ್ಮಂದಿರು ಸೇರಿ ಆಡುವ ಕ್ರಿಕೆಟ್. ಗೊತ್ತಿರುವ ಆಟ, ಗೊತ್ತಿರುವ ಮುಖಗಳು. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಕಬಡ್ಡಿಗೋ ಖೋ ಖೋಗೋ ಹೆಸರು ಕೇಳಿದರೆ, "ನಂಗೆ ಬರಲ್ಲ ಸಾರ್" ಅಂತ ಹಿಂದೆ ಸರಿಯುವ ಮಕ್ಕಳೇ ಜಾಸ್ತಿ. ಎಷ್ಟೋ ಮನೆಗಳಲ್ಲಿ ಉಮ್ಮನೇ ಹೇಳಿ ಕಳಿಸಿರುತ್ತಾರೆ: "ಬೇಡ ಮೋನೆ, ಕೈಕಾಲು ಮುರಿದುಕೊಳ್ತೀಯ."

ಬರದ ಆಟ ಕಲಿಯುವುದು ಹೇಗೆ ಎಂಬುದಕ್ಕೆ ನಮ್ಮ ಊರಿನ ಕಡೆಯದೇ ಉದಾಹರಣೆ ಇದೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಶಾಲೆಯಲ್ಲಿ ಆಡುತ್ತಿದ್ದದ್ದು ವಾಲಿಬಾಲ್, ಥ್ರೋಬಾಲ್. ಕಬಡ್ಡಿ ಹಿಡಿದದ್ದು ಕಾಲೇಜಿಗೆ ಬಂದ ಮೇಲೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಕಬಡ್ಡಿ ಮೊದಲ ಬಾರಿಗೆ ಸೇರಿದಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಾಟ್ನಾದಲ್ಲಿ ನಡೆದ ವಿಶ್ವಕಪ್ ಗೆದ್ದ ತಂಡಕ್ಕೆ ಅವರೇ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. "ಇಷ್ಟು ದೊಡ್ಡವಳಾದ ಮೇಲೆ ಹೊಸ ಆಟ ಯಾಕೆ" ಅಂತ ಅವರು ಕೂತಿದ್ದರೆ ಇದೊಂದೂ ಆಗುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ಇರಾನಿನದು. ಅಲ್ಲಿನ ಹುಡುಗಿಯರಿಗೆ ಕಬಡ್ಡಿ ಹೊರಗಿನಿಂದ ಬಂದ ಆಟ. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಅವರು ಭಾರತವನ್ನು 27-24ರಿಂದ ಸೋಲಿಸಿದರು. ಆಡಿದ್ದು ತಲೆ ಮುಚ್ಚಿಕೊಂಡು, ತುಂಬುತೋಳಿನ ಉಡುಪಿನಲ್ಲಿ. ಅವರನ್ನು ತಯಾರು ಮಾಡಿದ ಕೋಚ್ ನಮ್ಮ ದೇಶದವರೇ, ನಾಸಿಕ್‌ನ ಶೈಲಜಾ ಜೈನ್. "ನಮ್ಮ ಹೆಣ್ಣುಮಕ್ಕಳಿಗೆ ಇದೆಲ್ಲ ಆಗುತ್ತದಾ" ಎಂದು ಕೇಳುವವರು ಆ ಪಂದ್ಯ ನೆನಪು ಮಾಡಿಕೊಳ್ಳಬೇಕು. ಪ್ರವಾದಿಯವರು (ಸ.ಅ.) ಬೀವಿ ಆಯಿಶಾರ (ರ.ಅ.) ಜೊತೆ ಓಟದ ಪಂದ್ಯ ಕಟ್ಟಿದ್ದನ್ನು, ಮೊದಲ ಸಲ ಆಯಿಶಾರೇ ಗೆದ್ದದ್ದನ್ನು ನಾವು ಮದ್ರಸದಲ್ಲಿ ಹೇಳಿಕೊಡುತ್ತೇವಲ್ಲ!

ಖೋ ಖೋಗಂತೂ ದೂರ ಹೋಗುವುದೇ ಬೇಡ. ಮಳವಳ್ಳಿಯ ಪಕ್ಕದ ತಾಲೂಕು ಟಿ. ನರಸೀಪುರ. ಅಲ್ಲಿನ ಕುರುಬೂರು ಗ್ರಾಮದ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿದರು. ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದ್ದು 78-40ರಿಂದ. ಈ ಆಟಕ್ಕೆ ಬ್ಯಾಟ್ ಬೇಡ, ಬಾಲ್ ಬೇಡ. ಎರಡು ಕಂಬ ನೆಟ್ಟು ಗೆರೆ ಎಳೆದರೆ ಸಾಕು.

ಹೊಸಬರಿಗೆ ಈ ಎರಡೂ ಆಟಗಳು ಯಾಕೆ ಒಳ್ಳೆಯದು ಅಂದರೆ, ಇವುಗಳಲ್ಲಿ ಒಬ್ಬನೇ ಆಡಲು ಬರುವುದಿಲ್ಲ. ಖೋ ಖೋದಲ್ಲಿ ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬ ಈ ಕಡೆ ಮುಖ, ಪಕ್ಕದವನು ಆ ಕಡೆ ಮುಖ. ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಅಂದ ಕೂಡಲೇ ಎದ್ದು ಓಡಬೇಕು. ಕರೆದವನು ಯಾವ ಬೀದಿಯವನು, ಯಾವ ಮನೆಯವನು ಅಂತ ತಿರುಗಿ ನೋಡಲು ಪುರುಸೊತ್ತಿಲ್ಲ. ಕಬಡ್ಡಿಯಲ್ಲಿ ಔಟಾದವನ ಆಟ ಅಲ್ಲಿಗೇ ಮುಗಿಯುವುದಿಲ್ಲ. ಜೊತೆಗಾರ ಎದುರಾಳಿಯನ್ನು ಔಟ್ ಮಾಡಿದರೆ ಮತ್ತೆ ಒಳಗೆ ಬರಬಹುದು. "ಹಿಡ್ಕಳ್ಲಾ, ಬುಡಬ್ಯಾಡ!" ಅಂತ ಮೈದಾನದಲ್ಲಿ ಕೂಗಿ ಕೂಗಿ ನಮ್ಮ ಮಕ್ಕಳ ಪುಸ್ತಕದ ಕನ್ನಡ ಮಂಡ್ಯದ ಕನ್ನಡವಾಗುತ್ತದೆ. ಅಂಗಡಿ ಗಲ್ಲದ ಆಚೆ ನಿಂತ ಗಿರಾಕಿಯ ಮಗ ಆಟದಲ್ಲಿ ಗೆಳೆಯನಾಗುತ್ತಾನೆ. ಇಪ್ಪತ್ತು ವರ್ಷ ವ್ಯಾಪಾರ ಮಾಡಿಯೂ "ಮಂಗಳೂರಿನವರು" ಅಂತಲೇ ಕರೆಸಿಕೊಳ್ಳುವ ಮನೆಗೆ ಇದು ಸಣ್ಣ ವಿಷಯವಲ್ಲ.

ಮೊದಲ ಎರಡು ವಾರ ಕಷ್ಟವೇ. ಮೊಣಕಾಲು ತರಚುತ್ತದೆ, ಮೈಕೈ ನೋವು ಬರುತ್ತದೆ, ಜೊತೆಯವರು ನಗುತ್ತಾರೆ. ಹೆಚ್ಚಿನ ಮಕ್ಕಳು ಬಿಡುವುದು ಈ ದಿನಗಳಲ್ಲೇ. ಆಗ ಮನೆಯಿಂದ "ನಾಳೆಯೂ ಹೋಗು" ಎಂಬ ಒಂದು ಮಾತು ಬೇಕು. ಉಪ್ಪ ಒಂದು ದಿನ ಅಂಗಡಿಯನ್ನು ಯಾರಿಗಾದರೂ ಒಪ್ಪಿಸಿ ಹೋಗಿ ಮೈದಾನದ ಬದಿಯಲ್ಲಿ ನಿಂತರೆ ಇನ್ನೂ ಒಳ್ಳೆಯದು.

ಕೆಲವು ವಿಷಯ ಮೊದಲೇ ನೋಡಿಕೊಳ್ಳಿ. ಕಬಡ್ಡಿಗೆ ಉಗುರು ಕತ್ತರಿಸಿರಬೇಕು, ಉಂಗುರ, ಬಳೆ ಹಾಕಬಾರದು. ಹೆಣ್ಣುಮಕ್ಕಳಿಗೆ ಸಡಿಲವಾದ ಟ್ರ್ಯಾಕ್ ಪ್ಯಾಂಟ್, ಉದ್ದ ತೋಳಿನ ಟೀ ಶರ್ಟ್, ಪಿನ್ ಇಲ್ಲದೆ ತಲೆಗೆ ಬಿಗಿಯಾಗಿ ಕೂರುವ ಸ್ಕಾರ್ಫ್ ಅನುಕೂಲ. ಉಡುಪಿನ ವಿಷಯ, ಪಂದ್ಯಕ್ಕೆ ಹೊರಗೆ ಹೋಗುವಾಗ ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಪಿ.ಟಿ. ಮೇಷ್ಟ್ರ ಹತ್ತಿರ ಮುಂಚೆಯೇ ಮಾತಾಡಿ. ಸಮಯದ ಚಿಂತೆಯೂ ಬೇಡ. ಅಸರ್ ಕಳೆದು ಮಗ್‌ರಿಬ್ ಬಾಂಗಿನ ತನಕ ಇರುವ ಹೊತ್ತು ಆಟಕ್ಕೆ ಸಾಕು. ಬಾಂಗ್ ಆಗುವಾಗ ಮನೆಯಲ್ಲಿರಲಿ, ಅಷ್ಟೇ.

ಮಕ್ಕಳೆಲ್ಲ ಮಮತಾ, ಚೈತ್ರಾ ಆಗಬೇಕಿಲ್ಲ. ಹೋಬಳಿ ಮಟ್ಟದಲ್ಲೇ ಸೋತು ಬಂದರೂ ಪರವಾಗಿಲ್ಲ. ಮುಂದಿನ ಸಲ ಶಾಲೆಯಿಂದ ಆಟದ ಒಪ್ಪಿಗೆ ಪತ್ರ ಮನೆಗೆ ಬಂದರೆ, ಓದಿ ನೋಡಿ ಸಹಿ ಹಾಕಿ ಕಳಿಸಿ.