ಬಾಡಿಗೆ ಮನೆ ಖಾಲಿ ಮಾಡಿಸುವ ಮುಂಚೆ

"ನನ್ನ ಮನೆಗೆ ನಾನೇ ಬೀಗ ಹಾಕಿದ್ರೆ ತಪ್ಪೇನು?" ನಮ್ಮಲ್ಲಿಗೆ ಸಲಹೆ ಕೇಳಿ ಬರುವ ಮನೆ ಮಾಲೀಕರಲ್ಲಿ ಅನೇಕರ ಪ್ರಶ್ನೆ ಇದು. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆಯೊಂದನ್ನೇ ನಂಬಿರುವ ತಾಯಂದಿರೂ ಕೇಳುತ್ತಾರೆ. ಅವರ ಸಂಕಟ ನಮಗೆ ಗೊತ್ತು. ಆದರೂ ಬೀಗ ಹಾಕಬೇಡಿ, ನೀರು-ಕರೆಂಟು ಕಡಿಯಬೇಡಿ ಎಂದೇ ಹೇಳುತ್ತೇವೆ. ಬಲವಂತದಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಂತೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹಾಕಿ ಮನೆಯನ್ನು ಮತ್ತೆ ವಶಕ್ಕೆ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದೆಂದು ನೋಡುವುದೇ ಇಲ್ಲ!

ಹನ್ನೊಂದು ತಿಂಗಳ ಕರಾರು ಮುಗಿದರೆ ಪೊಲೀಸರೇ ಬಿಡಿಸಿ ಕೊಡ್ತಾರೆ ಅನ್ನೋದೂ ತಪ್ಪು ತಿಳುವಳಿಕೆ. ಬಿಡಿಸುವ ಆದೇಶ ಕೊಡುವುದು ನ್ಯಾಯಾಲಯ.

ಮೊದಲು ಬಾಡಿಗೆ ಎಷ್ಟೆಂದು ನೋಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಇತರ ಕಡೆ 2,000 ರೂ. ಮೀರದ ಮನೆಗಳಿಗೆ ಮಾತ್ರ. ಹಳೇ ಬಾಡಿಗೆದಾರರೇ ಹೆಚ್ಚಾಗಿ ಇದರಡಿ ಬರುತ್ತಾರೆ. ಇಲ್ಲಿ ಸುಮ್ಮನೆ 'ಬಿಡಿ' ಎಂದರೆ ಸಾಲದು, ಕಾಯ್ದೆ ಒಪ್ಪುವ ಕಾರಣ ಬೇಕು. ಬಾಡಿಗೆ ಬಾಕಿ ಒಂದು ಕಾರಣ. ಆದರೆ ನೋಟೀಸು ಕೊಟ್ಟ ಎರಡು ತಿಂಗಳೊಳಗೆ ಅವರು ಪೂರಾ ಬಾಕಿ ಕಟ್ಟಿದರೆ ಆ ಕಾರಣ ಉಳಿಯದು. ಸ್ವಂತ ವಾಸಕ್ಕೆ ಮನೆ ಬೇಕೆಂಬುದು ಇನ್ನೊಂದು. ಹಾಗೆ ಬೇಕಾದಾಗ ವಿಧವೆಯರಿಗೆ, ಅಂಗವಿಕಲರಿಗೆ, 65 ತುಂಬಿದವರಿಗೆ ಬೇಗ ಸ್ವಾಧೀನ ಕೇಳುವ ವಿಶೇಷ ಹಕ್ಕಿದೆ. ಇದು ಬಹಳ ಜನಕ್ಕೆ ತಿಳಿದೇ ಇಲ್ಲ.

ಬಾಡಿಗೆ ಇದಕ್ಕಿಂತ ಹೆಚ್ಚಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ನೋಡಬೇಕು. ಕರಾರಿನಲ್ಲಿ ಬೇರೆ ಷರತ್ತಿಲ್ಲದ ತಿಂಗಳ ಬಾಡಿಗೆಗೆ 15 ದಿನಗಳ ಲಿಖಿತ ನೋಟೀಸು ಸಾಕು, ಕಾರಣ ಹೇಳಬೇಕಿಲ್ಲ. ಆಗಲೂ ಬಿಡದಿದ್ದರೆ ದಾವೆಯೇ ದಾರಿ.

ಇಲ್ಲೇ ಹಲವರು ಎಡವುತ್ತಾರೆ. ನೋಟೀಸು ಕೊಟ್ಟ ಮೇಲೂ ಎಂದಿನಂತೆ ಬಾಡಿಗೆ ಪಡೆದು ಸುಮ್ಮನಿದ್ದರೆ, 'ನೋಟೀಸು ಬಿಟ್ಟುಕೊಟ್ಟಿದ್ದಾರೆ' ಎಂದು ಎದುರಿನವರು ವಾದಿಸುತ್ತಾರೆ. ಹಣ ಬೇಡ ಎನ್ನಬೇಕಿಲ್ಲ. ನೋಟೀಸಿನ ಹಕ್ಕು ಉಳಿಸಿಕೊಂಡೇ ಪಡೆದಿದ್ದೇನೆಂದು ರಸೀದಿಯಲ್ಲಿ ಬರೆಯಿರಿ.

ಅಡ್ವಾನ್ಸ್ ಹಣವನ್ನೂ ಸಿದ್ಧವಿಡಿ. ಅದು ಕೈಗೆ ಬರದೆ ಅವರಾದರೂ ಬೇರೆ ಮನೆ ಹೇಗೆ ಹಿಡಿದಾರು? ಎಷ್ಟೋ ಜಗಳ ಇಷ್ಟಕ್ಕೇ ನಿಂತಿರುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದ ಮಹಿಳೆಯರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವುಂಟು. ಹೋಗುವಾಗ ಕರಾರು ಪತ್ರ, ಬಾಡಿಗೆ ರಸೀದಿಗಳು, ನೋಟೀಸಿನ ಪ್ರತಿ, ಅಂಚೆ ರಸೀದಿ ಜೊತೆಗಿರಲಿ.